ಕ್ರೀಡಾ ಸಂಸ್ಥೆಗೆ ಮಾನ್ಯತೆ ಇದೆಯೇ? ಶುಲ್ಕ ಕಟ್ಟುವ ಮುನ್ನ ಪರಿಶೀಲಿಸುವುದು ಹೇಗೆ

ಪದಕ ಗೆದ್ದಾಗಿದೆ, ಸರ್ಟಿಫಿಕೇಟ್ ಕೈಸೇರಿದೆ. ಆದರೆ ಕ್ರೀಡಾ ಕೋಟಾದ ಅರ್ಜಿ ಪರಿಶೀಲಿಸುವಾಗ ‘ಈ ಸಂಸ್ಥೆಗೆ ಮಾನ್ಯತೆ ಇಲ್ಲ’ ಎಂದುಬಿಟ್ಟರೆ ಆಮೇಲೆ ಸರಿಪಡಿಸಲು ದಾರಿಯಿಲ್ಲ. ಹಾಗಾಗಿ ಪರಿಶೀಲನೆ ಆಗಬೇಕಾದ್ದು ಪ್ರವೇಶ ಶುಲ್ಕ ಕಟ್ಟುವ ಮೊದಲು. ಇದಕ್ಕೆ ಹೆಚ್ಚು ಸಮಯವೇನೂ ಬೇಡ, ಏನನ್ನು ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು.

ಮೊದಲು ವ್ಯವಸ್ಥೆ ಹೇಗಿದೆ ಎಂದು ತಿಳಿಯೋಣ. ಜಿಲ್ಲಾ ಸಂಸ್ಥೆಯ ಮೇಲೆ ರಾಜ್ಯ ಸಂಸ್ಥೆ, ಅದರ ಮೇಲೆ ರಾಷ್ಟ್ರೀಯ ಫೆಡರೇಶನ್, ಅದರಾಚೆ ಅಂತರರಾಷ್ಟ್ರೀಯ ಫೆಡರೇಶನ್. ಪ್ರತಿ ಹಂತವೂ ಮೇಲಿನದರಿಂದ ಸಂಯೋಜನೆ (ಅಫಿಲಿಯೇಶನ್) ಪಡೆದಿರಬೇಕು. ಇದನ್ನು ಸರ್ಕಾರ ಕೂತು ರೂಪಿಸಿದ್ದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೋದದ್ದು ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. 1928ರಲ್ಲಿ ಕ್ರಿಕೆಟ್ ಮಂಡಳಿ, 1937ರಲ್ಲಿ ಫುಟ್‌ಬಾಲ್ ಫೆಡರೇಶನ್, 1946ರಲ್ಲಿ ಅಥ್ಲೆಟಿಕ್ಸ್ ಫೆಡರೇಶನ್ ಬಂದವು. ಇವೆಲ್ಲ ಆಟದ ಆಸಕ್ತರು ಕಟ್ಟಿಕೊಂಡ ಖಾಸಗಿ ಸಂಘಗಳು. ಅನುದಾನ, ನಿಯಮ, ಮಾನ್ಯತೆ ಎಂದು ಸರ್ಕಾರ ಇದರೊಳಗೆ ಬಂದದ್ದು ತಡವಾಗಿ. ಅದರ ನಿಯಮಗಳು ಒಂದೆಡೆ ಸೇರಿದ್ದು 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆಯಲ್ಲಿ. ಇಂದಿನ ಬಹುಪಾಲು ಗೊಂದಲದ ಬೇರು ಇಲ್ಲಿದೆ: ಸಂಘ ಕಟ್ಟುವ ಹಕ್ಕು ಎಲ್ಲರಿಗೂ ಉಂಟು, ಮಾನ್ಯತೆ ಮಾತ್ರ ಒಂದು ಆಟಕ್ಕೆ ಒಂದೇ ಸಂಸ್ಥೆಗೆ.

ನೋಂದಣಿ ಬೇರೆ, ಮಾನ್ಯತೆ ಬೇರೆ

ದಾಖಲೆ ಕೇಳಿದಾಗ ಸಂಘಟಕರು ಮೊದಲು ತೋರಿಸುವುದು ಸಂಘದ ನೋಂದಣಿ ಪತ್ರವನ್ನು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ವಯಸ್ಕರು ಸೇರಿದರೆ ಸಂಘ ನೋಂದಾಯಿಸಬಹುದು. ಅದರಿಂದ ಸಿದ್ಧವಾಗುವುದು ಸಂಘವೊಂದು ಇದೆ ಎಂಬುದಷ್ಟೇ, ಅದು ಕೊಡುವ ಸರ್ಟಿಫಿಕೇಟ್ ನಡೆಯುತ್ತದೆ ಎಂಬುದಲ್ಲ. ಹೆಸರಿನಲ್ಲಿ ‘ಇಂಡಿಯಾ’ ಇದ್ದ ಮಾತ್ರಕ್ಕೂ, ಲೆಟರ್‌ಹೆಡ್ ಮೇಲೆ ಒಲಿಂಪಿಕ್ ಉಂಗುರಗಳಂಥ ಐದು ಬಣ್ಣದ ಲಾಂಛನವಿದ್ದ ಮಾತ್ರಕ್ಕೂ ಮಾನ್ಯತೆ ಬಂದಂತಾಗದು.

ಮೇಲಿನಿಂದ ಕೆಳಗೆ ಬನ್ನಿ

ಜಿಲ್ಲಾ ಸಂಸ್ಥೆಯಿಂದ ವಿಚಾರಣೆ ಶುರುಮಾಡಿದರೆ ಅವರು ಹೇಳಿದ್ದನ್ನೇ ನಂಬಬೇಕಾಗುತ್ತದೆ. ತುದಿಯಿಂದ ಆರಂಭಿಸಿ. ಅಂತರರಾಷ್ಟ್ರೀಯ ಫೆಡರೇಶನ್ನಿನ ಜಾಲತಾಣದ ಸದಸ್ಯ ರಾಷ್ಟ್ರಗಳ ಪಟ್ಟಿಯಲ್ಲಿ ಭಾರತದ ಎದುರು ಯಾವ ಸಂಸ್ಥೆಯ ಹೆಸರಿದೆ ನೋಡಿ, ಅಕ್ಷರ ತಪ್ಪದೆ ಬರೆದುಕೊಳ್ಳಿ. ಅದೇ ಹೆಸರು ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಪಡೆದ ಫೆಡರೇಶನ್‌ಗಳ ಪಟ್ಟಿಯಲ್ಲಿರಬೇಕು. ಆಮೇಲೆ ರಾಷ್ಟ್ರೀಯ ಫೆಡರೇಶನ್ನಿನ ಜಾಲತಾಣದಲ್ಲಿ ಕರ್ನಾಟಕದ ಘಟಕ ಯಾವುದು ಎಂದು ನೋಡಿ. ರಾಜ್ಯಕ್ಕೆ ಒಂದೇ ಘಟಕ ಇರಬೇಕೆಂಬುದು ನಿಯಮ. ಕೊನೆಗೆ ಆ ರಾಜ್ಯ ಘಟಕಕ್ಕೇ ಇಮೇಲ್ ಬರೆದು ನಿಮ್ಮ ಜಿಲ್ಲಾ ಸಂಸ್ಥೆಯ ಸಂಯೋಜನೆ ಈ ವರ್ಷ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಫೋನಿನಲ್ಲಿ ಸಿಕ್ಕ ಉತ್ತರ ನಾಳೆ ದಾಖಲೆಯಾಗುವುದಿಲ್ಲ.

ಪದಕ್ಕೆ ಪದ ಹೋಲಿಸಿ. ‘ಅಮೆಚೂರ್’, ‘ನ್ಯಾಷನಲ್’, ‘ನ್ಯೂ’ ಎಂಬ ಒಂದು ಪದ ಹೆಚ್ಚಾಗಿದ್ದರೂ ಅದು ಬೇರೆಯದೇ ಸಂಸ್ಥೆಯಾಗಿರಬಹುದು. ಹಾಕಿಯಲ್ಲಿ 2008ರ ನಂತರ ಹೀಗೇ ಆಯಿತು. ಹಳೆಯ ಭಾರತೀಯ ಹಾಕಿ ಫೆಡರೇಶನ್ ಒಂದು ಕಡೆ, 2009ರಲ್ಲಿ ಬಂದ ಹಾಕಿ ಇಂಡಿಯಾ ಇನ್ನೊಂದು ಕಡೆ. ಎರಡೂ ತಾವೇ ಅಧಿಕೃತ ಎಂದವು, ವಿವಾದ ವರ್ಷಗಟ್ಟಲೆ ಎಳೆಯಿತು. ಅಂಥ ಹೊತ್ತಿನಲ್ಲಿ ಆಟಗಾರ ನೋಡಬೇಕಾದ್ದು ಅಂತರರಾಷ್ಟ್ರೀಯ ಫೆಡರೇಶನ್ ಯಾರ ತಂಡವನ್ನು ಮೈದಾನಕ್ಕೆ ಬಿಡುತ್ತದೆ ಎಂಬುದನ್ನು.

ಕ್ರಿಕೆಟ್ ಮಾತ್ರ ಈ ಲೆಕ್ಕಕ್ಕೆ ಸಿಗದು. ಸರ್ಕಾರದ ಅನುದಾನ ಬೇಡವೆಂದ ಮಂಡಳಿ ಸಚಿವಾಲಯದ ಪಟ್ಟಿಯಿಂದ ಬಹುಕಾಲ ಹೊರಗೇ ಇತ್ತು. ಕ್ರಿಕೆಟ್ ಆಡುವವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಸಂಯೋಜನೆ ಇದೆಯೇ ಎಂದು ನೋಡಿದರೆ ಸಾಕು.

ಇಂದು ಇರುವ ಮಾನ್ಯತೆ ನಾಳೆ ಇರದಿರಬಹುದು

ಪಟ್ಟಿಯಲ್ಲಿ ಹೆಸರು ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಅಮಾನತು ಏನಾದರೂ ಆಗಿದೆಯೇ ನೋಡಿ. ಚುನಾವಣೆ ಮುಂದೂಡುವುದು, ಪದಾಧಿಕಾರಿಗಳು ಅವಧಿ ಮೀರಿ ಕುರ್ಚಿ ಬಿಡದಿರುವುದು, ಹೊರಗಿನವರ ಹಸ್ತಕ್ಷೇಪ: ಸಾಮಾನ್ಯ ಕಾರಣಗಳು ಇವು. ಚುನಾವಣೆಯ ಎಡವಟ್ಟಿನಿಂದ ಭಾರತೀಯ ಒಲಿಂಪಿಕ್ ಸಂಸ್ಥೆಯೇ 2012ರ ಡಿಸೆಂಬರ್‌ನಿಂದ 2014ರ ಫೆಬ್ರುವರಿವರೆಗೆ ಅಮಾನತಿನಲ್ಲಿತ್ತು. ಸೋಚಿ ಚಳಿಗಾಲದ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ನಮ್ಮ ಸ್ಪರ್ಧಿಗಳು ತ್ರಿವರ್ಣವಿಲ್ಲದೆ ನಡೆದರು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಶನ್ನನ್ನು ಅಮಾನತುಗೊಳಿಸಿ ಹನ್ನೊಂದು ದಿನದೊಳಗೆ ತೆರವು ಮಾಡಿತು. 2023ರಲ್ಲಿ ಸಮಯಕ್ಕೆ ಚುನಾವಣೆ ನಡೆಸದ ಕುಸ್ತಿ ಫೆಡರೇಶನ್ ಅಮಾನತಾಗಿ, ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಪೈಲ್ವಾನರು ತಟಸ್ಥ ಬಾವುಟದಡಿ ಸೆಣಸಿದರು. ತಪ್ಪು ಆಡಳಿತದ್ದು, ಪೆಟ್ಟು ಆಟಗಾರರಿಗೆ.

ಆದ್ದರಿಂದ ಕೂಟ ನಡೆದ ದಿನ ಮಾನ್ಯತೆ ಇತ್ತೇ ಎಂಬುದಕ್ಕೆ ಪುರಾವೆ ಇಟ್ಟುಕೊಳ್ಳಿ. ಆ ವಾರವೇ ಸಚಿವಾಲಯದ ಪಟ್ಟಿಯ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ, ಪ್ರವೇಶಪತ್ರ, ಶುಲ್ಕದ ರಸೀದಿ ಮತ್ತು ಫಲಿತಾಂಶ ಪಟ್ಟಿಯ ಜೊತೆಗಿಡಿ.

ಸರ್ಟಿಫಿಕೇಟಿಗೆ ಸಹಿ ಯಾರದು

ಹೆಚ್ಚು ಅರ್ಜಿಗಳು ಎಡವುವುದು ಇಲ್ಲಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಗೋಡೆಗೆ ತೂಗುಹಾಕುವ ಬಣ್ಣದ ಸರ್ಟಿಫಿಕೇಟ್ ಸಾಲದು, ನಿಗದಿತ ನಮೂನೆಯೇ ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗೆ ನಮೂನೆ 1, ಸಹಿ ರಾಷ್ಟ್ರೀಯ ಫೆಡರೇಶನ್ ಕಾರ್ಯದರ್ಶಿಯದು. ರಾಷ್ಟ್ರೀಯ ಅಥವಾ ಅಂತರರಾಜ್ಯ ಸ್ಪರ್ಧೆಗೆ ನಮೂನೆ 2. ಇದಕ್ಕೆ ರಾಷ್ಟ್ರೀಯ ಫೆಡರೇಶನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಹಾಕಬಹುದು. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ನಮೂನೆ 3, ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರದು. ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಮೂನೆ 4, ಶಿಕ್ಷಣ ಇಲಾಖೆಯಲ್ಲಿ ಶಾಲಾ ಕ್ರೀಡೆಯ ಹೊಣೆ ಹೊತ್ತ ಅಧಿಕಾರಿಯದು. ಕಾರ್ಯದರ್ಶಿಯೇ ಸ್ವತಃ ಸಹಿ ಮಾಡಿರಬೇಕೆಂದು ನಮೂನೆಯಲ್ಲೇ ಅಚ್ಚಾಗಿದೆ. ಕೋಚ್, ಖಜಾಂಚಿ ಅಥವಾ ಉಪಾಧ್ಯಕ್ಷರು ಹಾಕಿದ್ದು ನಡೆಯದು, ಸಹಿಯ ರಬ್ಬರ್ ಸ್ಟಾಂಪೂ ನಡೆಯದು. ನಮೂನೆಯನ್ನು ಕೂಟ ಮುಗಿದ ತಿಂಗಳಲ್ಲೇ ಬರೆಸಿಕೊಳ್ಳಿ. ಪದಾಧಿಕಾರಿಗಳು ಬದಲಾದ ಮೇಲೆ ಹಳೆಯ ದಾಖಲೆ ತೆಗೆಸುವುದು ದೊಡ್ಡ ತಲೆನೋವು.

2023ರ ಜೂನ್ 1ರಿಂದ ರಾಷ್ಟ್ರೀಯ ಫೆಡರೇಶನ್‌ಗಳು ಸರ್ಟಿಫಿಕೇಟನ್ನು ಸರ್ಕಾರದ ಆನ್‌ಲೈನ್ ದಾಖಲೆ ಭಂಡಾರವಾದ ಡಿಜಿಲಾಕರ್ ಮೂಲಕವೇ ಕೊಡಬೇಕು, ಕಾಗದದ್ದು ಸರ್ಕಾರಿ ಸೌಲಭ್ಯಕ್ಕೆ ಸಲ್ಲದು ಎಂದು ಸಚಿವಾಲಯ ಪ್ರಕಟಿಸಿತು. ಡಿಜಿಲಾಕರಿನಲ್ಲಿ ಸಿಗಬೇಕಾದರೆ ನೋಂದಣಿಯಲ್ಲಿ ಕೊಟ್ಟ ಹೆಸರು, ಜನ್ಮದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇರಬೇಕು. ‘ಕೆ. ಎಂ.’ ಎಂಬ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದರೂ ತಾಳೆಯಾಗದು. ಶಾಲೆಯ ದಾಖಲೆಯಲ್ಲಿ ತಪ್ಪಿದ್ದರೆ ಮೊದಲ ಕೂಟಕ್ಕೂ ಮುಂಚೆ ತಿದ್ದಿಸಿ. ಪದಕ ಬಂದ ಮೇಲೆ ಜನ್ಮದಿನಾಂಕ ಬದಲಿಸಲು ಹೊರಟರೆ ವಯಸ್ಸಿನ ವಂಚನೆಯ ಅನುಮಾನ ಬರುತ್ತದೆ.

ಆ ಆಟ ಕೋಟಾದ ಪಟ್ಟಿಯಲ್ಲಿ ಇದೆಯೇ ಎಂಬುದನ್ನೂ ನೋಡಿ. 2020ರಲ್ಲಿ ಮಲ್ಲಕಂಬ, ಹಗ್ಗಜಗ್ಗಾಟ, ರೋಲ್ ಬಾಲ್ ಸೇರಿ 20 ಆಟಗಳು ಹೊಸದಾಗಿ ಸೇರಿ ಪಟ್ಟಿ 63ಕ್ಕೆ ಏರಿತು. ರಾಜ್ಯ ಸರ್ಕಾರದ ನೇಮಕಾತಿ, ವೃತ್ತಿಪರ ಕೋರ್ಸ್‌ಗಳ ಸೀಟಿಗೆ ನಿಯಮ ಬೇರೆ ಇರುತ್ತದೆ. ಆಯಾ ಅಧಿಸೂಚನೆಯನ್ನೇ ಓದಬೇಕು.

ಉತ್ತರ ಸಿಗದಿದ್ದರೆ

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕ್ರೀಡಾ ಸಚಿವಾಲಯಕ್ಕೆ ಕೇಳಬಹುದು. ವರ್ಷಕ್ಕೆ 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸರ್ಕಾರಿ ಅನುದಾನ ಪಡೆಯುವ ಫೆಡರೇಶನ್‌ಗಳನ್ನೂ 2010ರಲ್ಲಿ ಈ ಕಾಯ್ದೆಯಡಿ ತರಲಾಗಿದೆ. ‘ಮಾನ್ಯತೆ ಏಕೆ ಕೊಟ್ಟಿಲ್ಲ’ ಎಂದು ಬರೆದರೆ ಅರ್ಜಿ ವ್ಯರ್ಥ, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು ಮಾತ್ರ. ‘ಇಂಥ ದಿನಾಂಕದಂದು ಈ ಹೆಸರಿನ ಸಂಸ್ಥೆಗೆ ಮಾನ್ಯತೆ ಇತ್ತೇ? ಇದ್ದರೆ ಆದೇಶದ ಪ್ರತಿ ಕೊಡಿ’ ಎಂದು ಬರೆಯಿರಿ.

ಆಯ್ಕೆ ಅಥವಾ ಮಾನ್ಯತೆಯ ವ್ಯಾಜ್ಯಗಳಿಗೆ ಇದುವರೆಗೆ ಹೈಕೋರ್ಟ್ ಮೆಟ್ಟಿಲೇ ಗತಿಯಾಗಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾನ್ಯತೆ ನೀಡಲು ರಾಷ್ಟ್ರೀಯ ಕ್ರೀಡಾ ಮಂಡಳಿಯನ್ನೂ, ವ್ಯಾಜ್ಯಕ್ಕೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯನ್ನೂ ರೂಪಿಸಿದೆ. ನ್ಯಾಯಮಂಡಳಿಯ ತೀರ್ಪಿನ ಮೇಲ್ಮನವಿ ಸುಪ್ರೀಂ ಕೋರ್ಟ್‌ಗೆ. ಅಲ್ಲಿಗೆ ಹೋಗುವವರ ಕೈಯಲ್ಲಿ ಇರಬೇಕಾದ್ದು ಮೇಲೆ ಹೇಳಿದ ಇಮೇಲ್, ರಸೀದಿ, ದಿನಾಂಕವಿರುವ ಪಟ್ಟಿಯ ಪ್ರತಿ ಮತ್ತು ಮಾಹಿತಿ ಹಕ್ಕಿನ ಉತ್ತರ.