ಅಗ್ಗದ ಗೋಲ್ಡ್ ಬಿಟ್ಟ ಮೇಲೆ ನನ್ನ ಖರ್ಚು ಇಳಿಯಿತು

ಆನ್‌ಲೈನ್ ಆಟದಲ್ಲಿ ಗೋಲ್ಡ್ ಅಂದರೆ ಆಟದೊಳಗಿನ ದುಡ್ಡು. ಕಂಪನಿಯ ಅಂಗಡಿಯಲ್ಲಿ ಟೋಕನ್ (ಆಟದ ಸಮಯದ ಚೀಟಿ) ಕೊಂಡು, ಅದನ್ನು ಆಟದೊಳಗೆ ಮಾರಿ ಗೋಲ್ಡ್ ಮಾಡಿಕೊಳ್ಳುತ್ತೇನೆ ಅಂದಾಗ ನಮ್ಮ ಗಿಲ್ಡ್‌ನಲ್ಲಿ, ಅಂದರೆ ಒಟ್ಟಿಗೆ ಆಡುವವರ ಗುಂಪಿನಲ್ಲಿ, ನಗದೇ ಇದ್ದವರು ಕಡಿಮೆ. ನಿಯಮ ಮುರಿದು ಗೋಲ್ಡ್ ಮಾರುವ ಹೊರಗಿನ ಸೆಲ್ಲರ್‌ಗಳ ಹತ್ತಿರ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುವಾಗ ಪೂರ್ತಿ ದುಡ್ಡು ಕೊಡುವವನು ದಡ್ಡ ಅಂತ ಅವರ ಮಾತು. ನಾನು ವಾದಕ್ಕೆ ಇಳಿಯಲಿಲ್ಲ. ಸುಮ್ನೆ ಒಂದು ಶೀಟ್‌ನಲ್ಲಿ ಬರೆದುಕೊಳ್ಳುತ್ತಾ ಹೋದೆ. ಈಗ ಎರಡೂ ಕಡೆಯ ಲೆಕ್ಕ ಕೈಯಲ್ಲಿದೆ. ಸೆಲ್ಲರ್‌ಗಳ ಹತ್ತಿರ ಕೊಂಡದ್ದು ಒಂದೂವರೆ ವರ್ಷದಷ್ಟು, ಟೋಕನ್ ದಾರಿಯಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅಷ್ಟೇ. ಟೋಕನ್ ಗೆದ್ದಿದೆ, ಅದೂ ಚೆನ್ನಾಗಿಯೇ ಗೆದ್ದಿದೆ.

ನಾನು ಜಾಸ್ತಿ ಆಡುವ ಆಟದ ಹೆಸರು ಇಲ್ಲಿ ಬೇಡ. ಟೋಕನ್, ಆಕ್ಷನ್ ಹೌಸ್ (ಆಟದೊಳಗಿನ ಹರಾಜು ಮಾರುಕಟ್ಟೆ), ಗಿಲ್ಡ್ ಬ್ಯಾಂಕ್ ಎಲ್ಲ ಇರುವ ಮಾಮೂಲಿ ಎಮ್‌ಎಮ್‌ಒ, ಅಂದರೆ ಬಹಳ ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಬೆಲೆಗಳನ್ನೆಲ್ಲ ಡಾಲರ್‌ಗೆ ಇಳಿಸಿ ಹೇಳುತ್ತೇನೆ. ಶೀಟ್ ನೋಡಿಕೊಂಡು ಬರೆಯುತ್ತಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಸ್ವಲ್ಪ ಆಚೀಚೆ ಆಗಬಹುದು.

ಟೋಕನ್‌ಗೆ 20 ಡಾಲರ್. ಆಟದೊಳಗೆ ಮಾರಿದರೆ ಆಗ ಸುಮಾರು 2 ಲಕ್ಷ ಗೋಲ್ಡ್ ಬರುತ್ತಿತ್ತು. ಅಷ್ಟೇ ಗೋಲ್ಡ್ ಸೆಲ್ಲರ್ ಹತ್ತಿರ 12 ಡಾಲರ್. ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ಗಿಲ್ಡ್‌ನವರು ಹೇಳಿದ್ದೇ ಸರಿ. ನಾನು ನಿಲ್ಲಿಸಲಿಲ್ಲ. ಸೆಲ್ಲರ್‌ಗಳಿಗೆ ನಾನು ಕೊಟ್ಟದ್ದು ಒಟ್ಟು 130 ಡಾಲರ್ ಆಸುಪಾಸು. ಆ ದುಡ್ಡಿಗೆ 21 ಲಕ್ಷ ಗೋಲ್ಡ್ ಬರಬೇಕಿತ್ತು. ಬಂದದ್ದು 17 ಲಕ್ಷದ ಹತ್ತಿರ, ಉಳಿದದ್ದು ಮಂಗಮಾಯ. ಬಂದದ್ದರಲ್ಲೂ 6 ಲಕ್ಷದಷ್ಟನ್ನು ಆಟದ ಕಂಪನಿ ವಾಪಸ್ ಎಳೆದುಕೊಂಡಿತು. ಕೊನೆಗೆ ಉಳಿದದ್ದು 11 ಲಕ್ಷ. ಅಂದರೆ 2 ಲಕ್ಷಕ್ಕೆ 24 ಡಾಲರ್ ಹತ್ತಿರ ಬಿತ್ತು. ಮಧ್ಯೆ ಅಕೌಂಟ್ ಅಮಾನತಾಗಿ ಒಂದು ತಿಂಗಳ 15 ಡಾಲರ್ ಸಬ್‌ಸ್ಕ್ರಿಪ್ಷನ್ ನೀರಿಗೆ ಹೋಯಿತು. ಅದನ್ನೂ ಸೇರಿಸಿದರೆ 26 ದಾಟುತ್ತದೆ. 12 ಡಾಲರ್‌ನ ಅಗ್ಗದ ಮಾಲು 26 ಡಾಲರ್!

ಹಾಗಾಗಿ ಎಷ್ಟು ಗೋಲ್ಡ್ ಕೈಗೆ ಬಂತು ಅನ್ನುವುದನ್ನು ನಾನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾಲ್ಕು ತಿಂಗಳಾದ ಮೇಲೆ ಎಷ್ಟು ಉಳಿದಿದೆ ಅಂತ ನೋಡುತ್ತೇನೆ. ನಾಲ್ಕೇ ತಿಂಗಳು ಯಾಕೆ ಅಂದರೆ, ಕದ್ದ ಕಾರ್ಡಿನ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಕೇಳಲು ಸಾಮಾನ್ಯವಾಗಿ 120 ದಿನದವರೆಗೆ ಅವಕಾಶ ಇರುತ್ತದೆ. ಅಗ್ಗದ ಗೋಲ್ಡ್‌ನಲ್ಲಿ ದೊಡ್ಡ ಪಾಲು ಹುಟ್ಟುವುದು ಮೂರು ಕಡೆ: ಬಾಟ್ (ಮನುಷ್ಯನ ಬದಲು ತಾನೇ ಆಡುವ ಪ್ರೋಗ್ರಾಂ), ಹ್ಯಾಕ್ ಆದ ಅಕೌಂಟ್, ಕದ್ದ ಕಾರ್ಡ್. ಮೂರರಲ್ಲಿ ಯಾವುದು ಸಿಕ್ಕಿಬಿದ್ದರೂ ಕಂಪನಿ ಆ ಗೋಲ್ಡ್ ಹೋದ ದಾರಿ ಹಿಡಿದು ನಮ್ಮ ಬ್ಯಾಗ್‌ವರೆಗೆ ಬರುತ್ತದೆ. ವಾರ್‌ಫ್ರೇಮ್ ಅನ್ನುವ ಆಟದಲ್ಲಂತೂ ಹೊರಗಿನವರ ಹತ್ತಿರ ಕೊಂಡ ಪ್ಲಾಟಿನಂನ (ಅಲ್ಲಿನ ಕರೆನ್ಸಿ) ಪಾವತಿ ರದ್ದಾದರೆ ಬ್ಯಾಲೆನ್ಸ್ ಮೈನಸ್‌ಗೆ ಇಳಿಯುತ್ತದೆ. ಖರ್ಚು ಮಾಡಿ ಮುಗಿಸಿದ್ದರೂ ಬಿಡುವುದಿಲ್ಲ.

ಇದು ಎಷ್ಟು ಹಳೇ ಕಾಯಿಲೆ ಅಂದರೆ, ರೂನ್‌ಸ್ಕೇಪ್ ಅನ್ನುವ ಆಟದವರು 2008ರ ಜನವರಿಯಲ್ಲಿ ಆಟಗಾರರ ನಡುವಿನ ಮುಕ್ತ ಟ್ರೇಡ್ ಅನ್ನೇ ಕಿತ್ತುಹಾಕಿದ್ದರು. ಗೋಲ್ಡ್ ಮಾರುವವರು ಕದ್ದ ಕಾರ್ಡಿನಲ್ಲಿ ಮೆಂಬರ್‌ಶಿಪ್ ಕೊಂಡು ಬಾಟ್ ಓಡಿಸುತ್ತಿದ್ದರು, ಆಮೇಲೆ ಕಂಪನಿಗೆ ಸಾಲಾಗಿ ಚಾರ್ಜ್‌ಬ್ಯಾಕ್ ಬೀಳುತ್ತಿತ್ತು, ಅಂದರೆ ಬ್ಯಾಂಕ್ ಆ ದುಡ್ಡನ್ನು ವಾಪಸ್ ಎಳೆದುಕೊಳ್ಳುತ್ತಿತ್ತು. ಮುಕ್ತ ಟ್ರೇಡ್ ವಾಪಸ್ ಬಂದದ್ದು 2011ರಲ್ಲಿ. ಮೂರು ವರ್ಷ ಒಳ್ಳೆಯ ಆಟಗಾರರೂ ಸ್ನೇಹಿತನಿಗೆ ನಾಲ್ಕು ಕಾಸು ಕೊಡಲು ಪರದಾಡಿದರು.

ಸೆಲ್ಲರ್‌ಗಳ ಜೊತೆ ಹುಷಾರಾಗಿ ವ್ಯವಹರಿಸಿದರೆ ಸಾಕು ಅನ್ನುವವರು ಇದ್ದಾರಲ್ಲ, ಅವರು ಹೇಳುವ ಹುಷಾರುಗಳನ್ನೆಲ್ಲ ನಾನು ದುಡ್ಡು ಹಾಕಿ ನೋಡಿದ್ದೇನೆ.

ಮೊದಲನೆಯದು, ಸಣ್ಣದಾಗಿ ಕೊಂಡು ಪರೀಕ್ಷೆ ಮಾಡುವುದು. ಐದು ಡಾಲರ್ ಕೊಡಿ, ಗೋಲ್ಡ್ ಬಂದರೆ ದೊಡ್ಡದು ಕೊಡಿ. ಸೆಲ್ಲರ್‌ಗಳಿಗೂ ಈ ಪರೀಕ್ಷೆ ಬಾಯಿಪಾಠ. ಐದಕ್ಕೆ ಹೇಳಿದ ಸಮಯಕ್ಕಿಂತ ಮುಂಚೆ, ಮೇಲಿಷ್ಟು ಬೋನಸ್ ಹಾಕಿ ಕೊಡುತ್ತಾರೆ. ನಲವತ್ತು ಕೊಟ್ಟ ದಿನ ಆಫ್‌ಲೈನ್. ನನ್ನ ದೊಡ್ಡ ಏಟು ಬಿದ್ದದ್ದು ಹೀಗೆಯೇ.

ಎರಡನೆಯದು, ಮಿಡಲ್‌ಮ್ಯಾನ್, ಅಂದರೆ ವ್ಯಾಪಾರ ಮುಗಿಯುವವರೆಗೆ ನಡುವೆ ನಿಂತು ದುಡ್ಡು ಹಿಡಿದುಕೊಳ್ಳುವವನು. ನಂಬಿಕಸ್ತ ಮಿಡಲ್‌ಮ್ಯಾನ್ ನಿಜವಾಗಿಯೂ ಇರುತ್ತಾನೆ. ಆದರೆ ನಮ್ಮ ಚಾಟ್‌ಗೆ ಬರುವವನು ಅವನಲ್ಲ. ಅದೇ ಫೋಟೋ, ಅದೇ ಹೆಸರು, ಸಣ್ಣ ಎಲ್ ಇರುವ ಕಡೆ ದೊಡ್ಡ ಐ. ಕೆಲವು ಫಾಂಟ್‌ನಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಸೊನ್ನೆಗೂ ಓ ಅಕ್ಷರಕ್ಕೂ ಇದೇ ಕತೆ. ಸೆಲ್ಲರ್ ಮತ್ತು ಮಿಡಲ್‌ಮ್ಯಾನ್ ಇಬ್ಬರೂ ಒಬ್ಬನೇ ಆಗಿದ್ದದ್ದೂ ಉಂಟು. ಇಬ್ಬರ ಚಾಟ್‌ನಲ್ಲೂ ಒಂದೇ ಥರದ ಸ್ಪೆಲ್ಲಿಂಗ್ ಎಡವಟ್ಟು ಕಂಡಾಗ ನನಗೆ ಗೊತ್ತಾಯಿತು, ಆ ಸಲ ದುಡ್ಡು ಉಳಿಯಿತು.

ಮೂರನೆಯದು, ಪೇಪಾಲ್‌ನಲ್ಲಿ ಕೊಟ್ಟರೆ ವಾಪಸ್ ಪಡೆಯಬಹುದು ಅನ್ನುವ ಧೈರ್ಯ. ಸೆಲ್ಲರ್ ಯಾವಾಗಲೂ ‘ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ’ ಆಯ್ಕೆಯಲ್ಲಿ ಕಳಿಸು, ಫೀಸ್ ಉಳಿಯುತ್ತದೆ ಅನ್ನುತ್ತಾನೆ. ಹಾಗೆ ಕಳಿಸಿದ ದುಡ್ಡಿಗೆ ಖರೀದಿದಾರರ ರಕ್ಷಣೆ ಅನ್ವಯಿಸುವುದೇ ಇಲ್ಲ. ಗಿಫ್ಟ್ ಕಾರ್ಡ್ ಕೋಡ್ ಕೇಳಿದರಂತೂ ಮಾತೇ ಬೇಡ, ಕೋಡ್ ಓದಿ ಹೇಳಿದ ಕ್ಷಣಕ್ಕೆ ದುಡ್ಡು ಅವನದು.

ಎಲ್ಲಕ್ಕಿಂತ ನಾಜೂಕಾದದ್ದು ಗೋಲ್ಡ್ ಬಂದ ಮೇಲೆ ನಡೆಯುವ ಮೋಸ. ಇದರ ಬಗ್ಗೆ ಯಾಕೋ ಜನ ಕಡಿಮೆ ಮಾತಾಡುತ್ತಾರೆ. ಗೋಲ್ಡ್ ಪೂರ್ತಿ ಬರುತ್ತದೆ. ಹತ್ತು ನಿಮಿಷ ಬಿಟ್ಟು ಹೊಸ ಕ್ಯಾರೆಕ್ಟರ್ ಒಂದು ಪಿಸುಗುಟ್ಟುತ್ತದೆ. ಗೇಮ್ ಮಾಸ್ಟರ್ (ಆಟದ ಕಂಪನಿ ಕಡೆಯವನು) ಅಂತ ಹೇಳಿಕೊಳ್ಳುತ್ತದೆ, ಇಲ್ಲವೇ ಸೆಲ್ಲರ್ ಕಡೆಯ ಸಪೋರ್ಟ್ ಅಂತ. ನಿನಗೆ ಬಂದ ಗೋಲ್ಡ್ ಟ್ರ್ಯಾಕ್ ಆಗುತ್ತಿದೆ, ಬ್ಯಾನ್ ಆಗುವ ಮುಂಚೆ ಈ ಕ್ಯಾರೆಕ್ಟರ್‌ಗೆ ವಾಪಸ್ ಹಾಕು, ಬೇರೆ ಕೊಡುತ್ತೇವೆ ಅನ್ನುತ್ತದೆ. ಮೊದಲೇ ಎದೆ ಡವಡವ ಅನ್ನುತ್ತಿರುತ್ತದೆ, ನಂಬಿಬಿಡುತ್ತೇವೆ. ನಮ್ಮ ಗಿಲ್ಡ್‌ನ ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವ ಪಾತ್ರ) ಆಡುವ ಗೆಳೆಯ 3 ಲಕ್ಷದಷ್ಟು ಗೋಲ್ಡ್ ಹೀಗೆ ತಾನೇ ಕೈಯಾರೆ ವಾಪಸ್ ಕೊಟ್ಟ. ನಿಯಮ ಮುರಿದು ಕೊಂಡಿದ್ದರಿಂದ ದೂರು ಕೊಡಲೂ ಬಾಯಿಲ್ಲ. ಮೋಸಗಾರರ ಬಂಡವಾಳವೇ ಅದು.

ಈಗ ನಾನು ಮಾಡುವುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2015ರಲ್ಲಿ ಟೋಕನ್ ಬಂತು, ರೂನ್‌ಸ್ಕೇಪ್‌ಗೆ 2013ರಲ್ಲಿ ಬಾಂಡ್, ಈವ್ ಆನ್‌ಲೈನ್‌ಗೆ ಅದಕ್ಕೂ ಮುಂಚೆ 2008ರಲ್ಲೇ ಪ್ಲೆಕ್ಸ್. ಮೂರೂ ನಡೆಯುವ ರೀತಿ ಒಂದೇ. ನಾನು ಕಂಪನಿಗೆ ದುಡ್ಡು ಕೊಡುತ್ತೇನೆ, ಗೋಲ್ಡ್ ಇದ್ದು ದುಡ್ಡು ಬಿಚ್ಚದ ಇನ್ನೊಬ್ಬ ಆಟಗಾರ ಗೋಲ್ಡ್ ಕೊಟ್ಟು ಆಟದ ಸಮಯ ಕೊಳ್ಳುತ್ತಾನೆ. ವಾರ್‌ಕ್ರಾಫ್ಟ್‌ನ ಟೋಕನ್‌ನಲ್ಲಿ ಮಾರಲು ಇಟ್ಟ ಕ್ಷಣ ತೋರಿಸಿದ ಬೆಲೆಯೇ ಸಿಗುತ್ತದೆ. ಆಮೇಲೆ ಬೆಲೆ ಬಿದ್ದರೂ ನಮಗೆ ಸಂಬಂಧವಿಲ್ಲ. ಕೊಳ್ಳುವವನ ಮುಖ ನೋಡುವ ಅಗತ್ಯವೂ ಇಲ್ಲ. ಮಾತುಕತೆಯೇ ಇಲ್ಲದ ಕಡೆ ಟೋಪಿ ಹಾಕುವುದು ಹೇಗೆ?

ಟೋಕನ್ ದುಬಾರಿ ಅನ್ನುವವರು ಕೊಂಡ ದಿನವೇ ಮಾರುತ್ತಾರೆ. ನಾನು ಹಾಗೆ ಮಾರುವುದಿಲ್ಲ. ಹೊಸ ರೇಡ್ (ಗುಂಪಾಗಿ ಆಡುವ ದೊಡ್ಡ ಕಾಳಗ) ತೆರೆದ ವಾರ ಎಲ್ಲರಿಗೂ ಒಮ್ಮೆಗೇ ಗೋಲ್ಡ್ ಬೇಕು, ಎಲ್ಲರೂ ಟೋಕನ್ ಸುರಿಯುತ್ತಾರೆ, ನನ್ನ ಆಟದಲ್ಲಿ ಆಗ ಬೆಲೆ ಕುಸಿಯುತ್ತದೆ. ಆ ವಾರ ನನ್ನ ಟೋಕನ್ ಬ್ಯಾಗ್‌ನಲ್ಲೇ ಇರುತ್ತದೆ. ಬಿಟ್ಟು ಹೋದವರು ವಾಪಸ್ ಬಂದು ಹಳೇ ಗೋಲ್ಡ್‌ನಲ್ಲಿ ಸಬ್‌ಸ್ಕ್ರಿಪ್ಷನ್ ಕಟ್ಟುವ ಸಮಯ ಇರುತ್ತದಲ್ಲ, ಆಗ ಮಾರುತ್ತೇನೆ. 2 ಲಕ್ಷದ ಟೋಕನ್ ಎರಡೂಕಾಲು ಲಕ್ಷ ದಾಟಿದ್ದು ಹಲವು ಸಲ, ಒಮ್ಮೆ ಎರಡೂಮುಕ್ಕಾಲರ ಹತ್ತಿರವೂ ಹೋಗಿತ್ತು. ವಾರದ ಯಾವ ದಿನ, ಯಾವ ಹೊತ್ತಿಗೆ ಇಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ನಾಲ್ಕು ಜನಕ್ಕೆ ಹೇಳಿದರೆ ಆ ಹೊತ್ತು ಕೆಡುತ್ತದೆ. ಒಟ್ಟಾರೆ ನನಗೆ 2 ಲಕ್ಷಕ್ಕೆ 17 ಡಾಲರ್ ಸುಮಾರು ಬಿದ್ದಿದೆ. ವಾಪಸ್ ಹೋದದ್ದು ಸೊನ್ನೆ.

ಗಿಲ್ಡ್ ವಾರ್ಸ್ 2 ಥರದ ಆಟದಲ್ಲಿ ಇನ್ನೂ ಸಲೀಸು. ಜೆಮ್ (ದುಡ್ಡು ಕೊಟ್ಟು ಕೊಳ್ಳುವ ಕರೆನ್ಸಿ) ಮತ್ತು ಗೋಲ್ಡ್ ಎರಡನ್ನೂ ಆಟದ ಎಕ್ಸ್‌ಚೇಂಜ್‌ನಲ್ಲೇ ಅದಲುಬದಲು ಮಾಡಬಹುದು. ಬೇಡಿಕೆ ನೋಡಿ ದರ ಏರಿಳಿಯುತ್ತದೆ, ಹೋಗುವಾಗಲೂ ಬರುವಾಗಲೂ ಒಂದಿಷ್ಟು ಕಡಿತ. ಆ ಕಡಿತವನ್ನು ಬೈಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸೆಲ್ಲರ್‌ಗಳು ನನ್ನ ಹತ್ತಿರ ಕಡಿತ ಮಾಡಿದ್ದು ಅರ್ಧಕ್ಕರ್ಧ.

ಬಾಹ್ಯಾಕಾಶ ಹಡಗುಗಳ ಆಟವಾದ ಈವ್ ಬೇರೆಯೇ ಲೋಕ. ಅಲ್ಲಿ ಆಟದೊಳಗಿನ ಮೋಸಕ್ಕೆ ಬಹುಮಟ್ಟಿಗೆ ನಿಯಮದಲ್ಲೇ ಜಾಗ ಇದೆ. ಟೋಪಿ ಬಿದ್ದರೆ ಕಂಪನಿ ಐಎಸ್‌ಕೆ (ಅಲ್ಲಿನ ಗೋಲ್ಡ್) ತುಂಬಿಕೊಡುವುದಿಲ್ಲ. ಜೀಟಾ ಅನ್ನುವ ದೊಡ್ಡ ವ್ಯಾಪಾರ ಕೇಂದ್ರದ ಚಾಟ್ ತೆರೆದರೆ ಸಾಲು ಸಾಲು ಕಾಂಟ್ರ್ಯಾಕ್ಟ್‌ಗಳು (ಆಟಗಾರರೇ ಬರೆದಿಡುವ ವ್ಯಾಪಾರದ ಒಪ್ಪಂದಗಳು), ಹಡಗು ಮಾರುತ್ತೇನೆ ಅಂತ ಹೆಸರು, ಒಳಗೆ ನೋಡಿದರೆ ಹಡಗು ಕೇಳುತ್ತಿರುತ್ತಾನೆ. ಬೆಲೆಯಲ್ಲಿ ಒಂದು ಸೊನ್ನೆ ಜಾಸ್ತಿ. ಹಾಗಾಗಿ ಪ್ಲೆಕ್ಸ್ ಅನ್ನು ಮಾರುಕಟ್ಟೆ ವಿಂಡೋದಲ್ಲಿ ಬಿಟ್ಟು ಕಾಂಟ್ರ್ಯಾಕ್ಟ್‌ನಲ್ಲಿ ನಾನು ಮುಟ್ಟುವುದೇ ಇಲ್ಲ. ಹಿಂದೆ ಪ್ಲೆಕ್ಸ್ ಅನ್ನು ಹಡಗಿನಲ್ಲಿ ಸಾಗಿಸಬೇಕಿತ್ತು. 2010ರಲ್ಲಿ ಒಬ್ಬ ಆಟಗಾರ ಕೆಸ್ಟ್ರೆಲ್ ಅನ್ನುವ ಪುಟಾಣಿ ಹಡಗಿನಲ್ಲಿ 74 ಪ್ಲೆಕ್ಸ್ ತುಂಬಿಕೊಂಡು ಹೊರಟ, ಹೊಡೆದುರುಳಿಸಿದರು, ಅಷ್ಟೂ ಭಸ್ಮ. ಆಗಿನ ಲೆಕ್ಕಕ್ಕೆ 1,200 ಡಾಲರ್‌ಗೂ ಮೇಲೆ. ಹೊಡೆದವರಿಗೂ ಒಂದು ಪ್ಲೆಕ್ಸ್ ಸಿಗಲಿಲ್ಲ ಅನ್ನುವುದು ಇನ್ನೂ ಮಜಾ. 2017ರಲ್ಲಿ ಒಂದು ಹಳೇ ಪ್ಲೆಕ್ಸ್ ಅನ್ನು 500 ಹೊಸ ಪ್ಲೆಕ್ಸ್ ಮಾಡಿ, ಅವನ್ನಿಡಲು ವಾಲ್ಟ್ ಕೊಟ್ಟರು. ಅಲ್ಲಿಟ್ಟರೆ ಸಾಗಿಸುವ ತಂಟೆಯೇ ಇಲ್ಲ.

ಜೀಟಾದಲ್ಲೇ ನಾನೊಂದು ಪ್ರಯೋಗ ಮಾಡಿದೆ. ‘ಐಎಸ್‌ಕೆ ಕಳಿಸಿ, ಡಬಲ್ ಮಾಡಿ ಕೊಡುತ್ತೇನೆ’ ಅನ್ನುವವರು ಅಲ್ಲಿ ಸದಾ ಇರುತ್ತಾರೆ. ಸಣ್ಣ ಮೊತ್ತಕ್ಕೆ ನಿಜವಾಗಿಯೂ ಡಬಲ್ ಕೊಡುತ್ತಾರೆ, ಆಸೆ ಹತ್ತಿಸಲು. ಹೊಸ ಕ್ಯಾರೆಕ್ಟರ್ ಒಂದನ್ನು ಇಟ್ಟುಕೊಂಡು ಸಣ್ಣದನ್ನೇ ಕಳಿಸಿ, ಡಬಲ್ ತಗೊಂಡು, ಜಾಗ ಖಾಲಿ ಮಾಡುತ್ತಿದ್ದೆ. ಹತ್ತರಲ್ಲಿ ಆರೇಳು ಜನ ಕೊಟ್ಟರು. ಆದಾಯ ಅಂತ ಹೇಳುವಷ್ಟೇನೂ ಬರಲಿಲ್ಲ, ಗಣಿ ತೋಡಿದ್ದರೆ ಅದಕ್ಕಿಂತ ಜಾಸ್ತಿ ಬರುತ್ತಿತ್ತು. ಆದರೂ ಟೋಪಿ ಹಾಕುವವನಿಗೆ ಟೋಪಿ ಹಾಕಿದ ಖುಷಿ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಕೆಲವು ವಾರಕ್ಕೇ ಹೆಸರು ಗುರುತು ಹಿಡಿದು ಬ್ಲಾಕ್ ಮಾಡಿದರು.

ಆಟಗಾರರ ನಡುವೆ ನೇರ ಟ್ರೇಡ್ ಮಾಡಲೇಬೇಕಾದ ಆಟಗಳೂ ಇವೆ. ಪಾತ್ ಆಫ್ ಎಕ್ಸೈಲ್‌ನಲ್ಲಿ ಎದುರಿನವನು ಇಟ್ಟ ಪ್ರತಿಯೊಂದರ ಮೇಲೂ ಮೌಸ್ ಆಡಿಸದೆ ಒಪ್ಪಿಗೆ ಒತ್ತಲು ಬಿಡುವುದಿಲ್ಲ. ಜನ ಆಡಿಸುತ್ತಾರೆ, ಓದುವುದಿಲ್ಲ. ಮಾಮೂಲಿ ಆಟ ಹೀಗೆ: ಮೊದಲ ಸಲ ಎಲ್ಲ ಸರಿ ಇಡುತ್ತಾನೆ, ಬ್ಯಾಗ್ ತುಂಬಿದೆ ಅಂತ ರದ್ದು ಮಾಡುತ್ತಾನೆ, ಎರಡನೇ ಸಲ ಅದೇ ಬಣ್ಣದ ಬೇರೆ ಆರ್ಬ್ (ಅಲ್ಲಿ ಆರ್ಬ್‌ಗಳೇ ಕರೆನ್ಸಿ), ಇಲ್ಲವೇ ಒಂದು ಕಡಿಮೆ. ನನ್ನ ನಿಯಮ ಸರಳ, ಒಮ್ಮೆ ರದ್ದಾದರೆ ಆ ವ್ಯಾಪಾರವೇ ರದ್ದು. ಇದರಿಂದ ಒಳ್ಳೆಯ ವ್ಯಾಪಾರಗಳೂ ತಪ್ಪಿವೆ, ತಪ್ಪಲಿ. 2022ರಲ್ಲಿ ಅಲ್ಲಿ ಎಕ್ಸಾಲ್ಟೆಡ್ ಆರ್ಬ್‌ನ ಜಾಗಕ್ಕೆ ಡಿವೈನ್ ಆರ್ಬ್ ಬಂದು ಬೆಲೆಗಳೆಲ್ಲ ತಿರುವುಮುರುವಾದಾಗ, ಹಳೇ ಬೆಲೆ ತಲೆಯಲ್ಲಿಟ್ಟುಕೊಂಡು ವಾಪಸ್ ಬಂದವರನ್ನು ಹುಡುಕಿ ಹುಡುಕಿ ಬೋಳಿಸಿದರು. 2024ರಲ್ಲಿ ಆಟದೊಳಗೇ ಕರೆನ್ಸಿ ಎಕ್ಸ್‌ಚೇಂಜ್ ಬಂದ ಮೇಲೆ ಆರ್ಬ್‌ಗೆ ಆರ್ಬ್ ಬದಲಾಯಿಸುವ ಮೋಸ ಹೆಚ್ಚುಕಡಿಮೆ ನಿಂತಿದೆ. ನಾನಂತೂ ಈಗ ಅಲ್ಲಿ ಮನುಷ್ಯರ ಜೊತೆ ಕರೆನ್ಸಿ ಬದಲಾಯಿಸುವುದೇ ಇಲ್ಲ.

ಇನ್ನೊಂದು ಪ್ರಯೋಗ ಹಾಳಾದದ್ದು. ಟೋಕನ್ ಕೊಳ್ಳಲು ವಾಲೆಟ್‌ಗೆ ದುಡ್ಡು ಬೇಕಲ್ಲ, ಅದಕ್ಕೆ ಗಿಫ್ಟ್ ಕೋಡ್ ಅಗ್ಗಕ್ಕೆ ಸಿಕ್ಕರೆ ಎರಡು ಕಡೆ ಲಾಭ ಅಂತ ಯೋಚಿಸಿದೆ. ಮರುಮಾರಾಟದವರ ಹತ್ತಿರ 20ರ ಕೋಡ್ 15ಕ್ಕೆ. ಒಂದೆರಡು ಚೆನ್ನಾಗಿ ನಡೆದವು. ಆಮೇಲೆ ಒಂದು, ಹಾಕಿ ಐದಾರು ವಾರ ಆದ ಮೇಲೆ ರದ್ದಾಯಿತು, ವಾಲೆಟ್ ಮೈನಸ್, ಅದನ್ನು ತುಂಬುವವರೆಗೆ ಅಂಗಡಿ ಬಂದ್. ಅದೇ ಕದ್ದ ಕಾರ್ಡಿನ ಕತೆ, ಬಾಗಿಲು ಮಾತ್ರ ಬೇರೆ. ಈಗ ಕಂಪನಿಯ ಅಂಗಡಿಯಲ್ಲಿ ನನ್ನದೇ ಕಾರ್ಡ್, ಅದೂ ಬೇಕಾದಷ್ಟೇ ಮೊತ್ತ. ಅಂಗಡಿ ಪುಟವನ್ನು ಬುಕ್‌ಮಾರ್ಕ್‌ನಿಂದ ತೆರೆಯುತ್ತೇನೆ, ಹುಡುಕಿ ತೆರೆಯುವುದಿಲ್ಲ. ಅಥೆಂಟಿಕೇಟರ್ (ಲಾಗಿನ್‌ಗೆ ಎರಡನೇ ಕೋಡ್ ಕೊಡುವ ಆ್ಯಪ್) ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಟೋಕನ್ನೂ ಇಲ್ಲ, ಎಕ್ಸ್‌ಚೇಂಜೂ ಇಲ್ಲ ಅನ್ನುವ ಆಟದಲ್ಲಿ ಏನು ಮಾಡುತ್ತೀಯ ಅಂತ ಕೇಳಿದವರಿದ್ದಾರೆ. ಕೊಳ್ಳುವುದಿಲ್ಲ. ಕೂತು ಗ್ರೈಂಡ್ ಮಾಡುತ್ತೇನೆ, ಅಂದರೆ ಅದದೇ ಕೆಲಸ ಆಡಿ ಆಡಿ ಗೋಲ್ಡ್ ಕೂಡಿಸುತ್ತೇನೆ, ಬೇಜಾರಾದರೆ ಆಟ ಬಿಡುತ್ತೇನೆ.

ನಿಮ್ಮದೇ ಲೆಕ್ಕ ನೋಡಬೇಕು ಅನಿಸಿದರೆ ಶೀಟ್‌ಗೆ ನಾಲ್ಕು ಕಾಲಂ ಸಾಕು: ಕೊಟ್ಟ ದುಡ್ಡು, ಹೇಳಿದ ಗೋಲ್ಡ್, ಬಂದ ಗೋಲ್ಡ್, ಉಳಿದ ಗೋಲ್ಡ್. ಕೊನೇ ಕಾಲಂ ಅನ್ನು ನಾಲ್ಕು ತಿಂಗಳು ಖಾಲಿ ಬಿಡಿ. ಭಾಗಿಸುವಾಗ ಅದನ್ನೇ ಹಿಡಿಯಿರಿ. ಐದನೇ ಕಾಲಂ ಒಂದು ನನ್ನ ಶೀಟ್‌ನಲ್ಲಿದೆ, ಟೋಕನ್ ಮಾರುವ ಹೊತ್ತಿನದು. ಅದು ನನ್ನ ಹತ್ತಿರವೇ ಇರಲಿ.