ಒಂದು ಮೂಟೆ ಸಿಮೆಂಟ್ ಎಷ್ಟು ಕುಗ್ಗುತ್ತದೆ? ಪಿಪೆಟ್ ಹಿಡಿದು ಲೆಕ್ಕ ಹಾಕಿ

ನೀರು, ಸಿಮೆಂಟ್ ಸೇರಿ ಹುಟ್ಟುವ ಗಟ್ಟಿ ವಸ್ತುವಿಗೆ ಅವೆರಡೂ ಬೇರೆಬೇರೆಯಾಗಿ ಹಿಡಿದಿದ್ದಷ್ಟು ಜಾಗ ಬೇಕಿಲ್ಲ. ಇದೇ ರಾಸಾಯನಿಕ ಕುಗ್ಗುವಿಕೆ. ಸಿಮೆಂಟ್ ಗಟ್ಟಿಯಾಗುವುದನ್ನು ಲೆಕ್ಕಹಾಕುವ ಪವರ್ಸ್ ಮಾದರಿಯಂತೆ 100 ಗ್ರಾಂ ಸಿಮೆಂಟ್ ನೀರಿನೊಡನೆ ಪೂರ್ತಿ ವರ್ತಿಸಿದರೆ ಸುಮಾರು 6.4 ಮಿ.ಲೀ. ಮಾಯ. 50 ಕೆ.ಜಿ. ಮೂಟೆಗೆ 3.2 ಲೀಟರ್! ಈ ಅಂಕಿ ಒಪಿಸಿಗೆ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ) ಮಾತ್ರ. ಹಾರುಬೂದಿ ಬೆರೆತ ಪಿಪಿಸಿಗೆ ಹೊಂದುವುದಿಲ್ಲ.

ಅಳೆಯಲು 100 ಗ್ರಾಂ ಸಿಮೆಂಟಿಗೆ 40 ಗ್ರಾಂ ನೀರು ಹಾಕಿ ಕಲಸಿ. ನೀರನ್ನು ಮೊದಲೇ ಕುದಿಸಿ ಆರಿಸಿಟ್ಟಿರಿ. ಇಲ್ಲದಿದ್ದರೆ ಕರಗಿದ ಗಾಳಿ ಗುಳ್ಳೆಯಾಗಿ ಎದ್ದು ರೀಡಿಂಗ್ ಕೆಡುತ್ತದೆ. 30 ಮಿ.ಮೀ. ಒಳವ್ಯಾಸದ ಗಾಜಿನ ಸೀಸೆಯ ತಳಕ್ಕೆ 10 ಮಿ.ಮೀ. ಪೇಸ್ಟ್ ತುಂಬಿ, ಮೇಜಿಗೆ ಮೆಲ್ಲಗೆ ತಟ್ಟಿ, ತೂಗಿ: ಸುಮಾರು 14 ಗ್ರಾಂ. ಇದಕ್ಕಿಂತ ದಪ್ಪ ಬೇಡ. ರಂಧ್ರಗಳು ಮುಚ್ಚುತ್ತ ಬಂದಂತೆ ಮೇಲಿನ ನೀರು ತಳ ತಲುಪದೆ ಲೆಕ್ಕ ಕಡಿಮೆ ಬರುತ್ತದೆ.

ಗೋಡೆಗುಂಟ ನೀರು ಇಳಿಬಿಟ್ಟು ಸೀಸೆ ತುಂಬಿಸಿ. ಪೇಸ್ಟ್ ಕದಡಿದರೆ ಚೆಲ್ಲಿ ಮತ್ತೆ ಶುರುಮಾಡಿ. ರಬ್ಬರ್ ಬಿರಡೆಯಲ್ಲಿ 1 ಮಿ.ಲೀ. ಪಿಪೆಟ್ (ಗೆರೆ ಹಾಕಿದ ಸಣ್ಣ ಗಾಜಿನ ಕೊಳವೆ) ಸಿಕ್ಕಿಸಿ, ಅದರೊಳಗಿನ ನೀರಿನ ಮೇಲೆ ಬಣ್ಣದ ಪ್ಯಾರಾಫಿನ್ ಎಣ್ಣೆ ಒಂದು ಹನಿ ಬಿಡಿ. ನೀರು ಆವಿಯಾಗುವುದಿಲ್ಲ, ಮಟ್ಟವೂ ಕಣ್ಣಿಗೆ ಕಾಣುತ್ತದೆ. ಸೀಸೆಯನ್ನು ಒಂದೇ ಉಷ್ಣತೆಯ ನೀರಿನ ತೊಟ್ಟಿಯಲ್ಲಿಡಿ: 40 ಮಿ.ಲೀ. ನೀರು ಒಂದು ಡಿಗ್ರಿ ತಣ್ಣಗಾದರೂ 0.01 ಮಿ.ಲೀ., ಅಂದರೆ ಪಿಪೆಟ್ಟಿನ ಒಂದಿಡೀ ಗೆರೆ, ಸುಮ್ಮನೆ ಇಳಿಯುತ್ತದೆ. ಕಲಸಿದ ಒಂದು ಗಂಟೆಗೆ ಮೊದಲ ರೀಡಿಂಗ್, ಎಂಟು ಗಂಟೆವರೆಗೆ ಅರ್ಧರ್ಧ ಗಂಟೆಗೊಂದು, ಆಮೇಲೆ 24ಕ್ಕೆ.

14 ಗ್ರಾಂ ಪೇಸ್ಟನ್ನು 1.4ರಿಂದ ಭಾಗಿಸಿದರೆ ಸಿಮೆಂಟ್ 10 ಗ್ರಾಂ. ಮಟ್ಟ 0.25 ಮಿ.ಲೀ. ಇಳಿದಿದೆ ಎನ್ನಿ, ಗ್ರಾಮಿಗೆ 0.025. ಅದನ್ನು ಪೂರ್ತಿ ವರ್ತಿಸಿದಾಗಿನ 0.064ರಿಂದ ಭಾಗಿಸಿ: ಶೇ 39ರಷ್ಟು ಸಿಮೆಂಟ್ ವರ್ತಿಸಿದೆ, ಮೂಟೆಗೆ 1.25 ಲೀಟರ್ ಹೋಗಿದೆ.

ಹಾಗಂತ ಸ್ಲ್ಯಾಬ್ ಅಷ್ಟೂ ಕುಗ್ಗಿತೆಂದು ಬರೆದರೆ ಕೆಟ್ಟಿತು. ಹೆಚ್ಚಿನವರು ಎಡವುವುದು ಇಲ್ಲೇ. ವಿಕ್ಯಾಟ್ ಸೂಜಿಯಿಂದ (ಪೇಸ್ಟಿಗೆ ಎಷ್ಟು ಇಳಿಯುತ್ತದೆಂದು ನೋಡುವ ಸೂಜಿ) ಸೆಟ್ ಆಗುವ ಹೊತ್ತನ್ನು ಗುರುತಿಸಿ, ರೀಡಿಂಗ್‌ಗಳ ಗ್ರಾಫನ್ನು ಅಲ್ಲಿ ಎರಡು ಮಾಡಿ. ಅದಕ್ಕೆ ಮುಂಚಿನ ನಷ್ಟವೆಲ್ಲ ಹೊರಗಾತ್ರದಲ್ಲೇ ಇಳಿಯುತ್ತದೆ. ಸೆಟ್ ಆದಮೇಲೆ ಗಟ್ಟಿಯಾದ ಪೇಸ್ಟಿನ ಹಂದರ ಅಡ್ಡ ನಿಲ್ಲುತ್ತದೆ. ನಷ್ಟ ಒಳಗೆ ಖಾಲಿ ರಂಧ್ರವಾಗಿ ಉಳಿಯುತ್ತದೆ, ಉಳಿದ ನೀರು ರಂಧ್ರದ ಗೋಡೆಗಳನ್ನು ಎಳೆಯುತ್ತದೆ.

ಆ ಎಳೆತದ ಅಂದಾಜು ರಂಧ್ರದೊಳಗಿನ ಗಾಳಿಯ ಸಾಪೇಕ್ಷ ತೇವಾಂಶದಿಂದ ಸಿಗುತ್ತದೆ. ಕರಗಿದ ಲವಣಗಳಿಂದಾದ ಇಳಿಕೆಯನ್ನು ಕಳೆದೂ ಶೇ 95 ಇದ್ದರೆ, 25 ಡಿಗ್ರಿಯಲ್ಲಿ ಎಳೆತ ಸುಮಾರು 7 ಮೆಗಾಪಾಸ್ಕಲ್. ಅದನ್ನು ರಂಧ್ರದಲ್ಲಿ ನೀರಿರುವ ಪಾಲಿನಿಂದ, ಇಲ್ಲಿ 0.9 ಎನ್ನಿ, ಗುಣಿಸಿ 3ರಿಂದ ಭಾಗಿಸಿ. ಬಂದದ್ದನ್ನು ಪೇಸ್ಟಿನ ಬಲ್ಕ್ ಮಾಡ್ಯುಲಸ್ (ಎಲ್ಲ ಕಡೆಯಿಂದ ಒತ್ತಿದಾಗ ಕುಗ್ಗದೆ ತಡೆಯುವ ಗಟ್ಟಿತನ; 10 ಗಿಗಾಪಾಸ್ಕಲ್) ಮತ್ತು ಘನಕಣಗಳದ್ದರ (44) ವಿಲೋಮಗಳ ವ್ಯತ್ಯಾಸದಿಂದ ಗುಣಿಸಿದರೆ ಮೀಟರಿಗೆ 0.16 ಮಿ.ಮೀ. ಎಳೆಯ ಪೇಸ್ಟ್ ಎಳೆದಷ್ಟು ಹೊತ್ತು ನಿಧಾನಕ್ಕೆ ಜಗ್ಗುತ್ತಲೇ ಇರುತ್ತದೆ. ಈ ಸೂತ್ರ ಅದನ್ನು ಹಿಡಿಯದ ಕಾರಣ ನಿಜವಾದ ಕುಗ್ಗುವಿಕೆ ಇದಕ್ಕಿಂತ ಹೆಚ್ಚೇ ಬರುತ್ತದೆ.