ಸುಟ್ಟ ಮನೆಯ ಸಾಮಾನು ಪಟ್ಟಿ: ಆಲ್ಟಡೀನಾದಲ್ಲಿ ನಾನು ಮಾಡಿದ ಕೆಲಸ

2025ರ ಜನವರಿ 7ರ ಸಂಜೆ ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಈಟನ್ ಕಣಿವೆಯಲ್ಲಿ ಹೊತ್ತಿಕೊಂಡ ಬೆಂಕಿ ಸಾಂಟಾ ಆನಾ ಎಂಬ ಒಣ ಬಿರುಗಾಳಿಗೆ ಸಿಕ್ಕಿ ರಾತ್ರಿ ಬೆಳಗಾಗುವುದರೊಳಗೆ ಆಲ್ಟಡೀನಾ ಊರನ್ನು ನುಂಗಿತು. 9,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ನಾನಿರುವುದು ಅಲ್ಲಿಗೆ ಹತ್ತಿರದಲ್ಲೇ. ಮರುದಿನದಿಂದ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಅಕ್ಕಾ, ಬಟ್ಟೆ ಎಲ್ಲಿ ಕೊಡೋದು?" ಅಷ್ಟರಲ್ಲಿ ಸಾಂಟಾ ಆನಿಟಾ ರೇಸ್ ಕೋರ್ಸಿನ ಪಾರ್ಕಿಂಗ್ ಜಾಗದಲ್ಲಿ ಬಟ್ಟೆಯ ಗುಡ್ಡವೇ ಎದ್ದಿತ್ತು. ಮನೆ ಕಳೆದುಕೊಂಡು ಹೋಟೆಲಿನ ಒಂದು ಕೋಣೆಯಲ್ಲಿ ನಾಲ್ಕು ಜನ ಇರುವವರು ಚೀಲಗಟ್ಟಲೆ ಹಳೇ ಪ್ಯಾಂಟುಗಳನ್ನು ಎಲ್ಲಿಟ್ಟುಕೊಳ್ಳುತ್ತಾರೆ? ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ಮಾಡಿಕೊಂಡು ಹೊರಟವರನ್ನೂ ತಡೆದೆ. ಆ ಕೋಣೆಯಲ್ಲಿರುವುದು ಒಂದು ಮೈಕ್ರೋವೇವ್ ಮಾತ್ರ. ಖಾರ ತಿನ್ನುತ್ತಾರೋ ಇಲ್ಲವೋ ಅಂತಲೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವರಿಗೆ ಬೇಕಿದ್ದದ್ದು ದಿನಸಿ ಅಂಗಡಿಯ ಗಿಫ್ಟ್ ಕಾರ್ಡು, ಫೋನ್ ಚಾರ್ಜರು, ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಲು ಚಿಲ್ಲರೆ ಎಂದು ಗೊತ್ತಾಗುತ್ತಿತ್ತು.

ನಾನು ಅಕೌಂಟೆಂಟ್. ಪರಿಚಯದವರ ಮೂಲಕ ಒಬ್ಬ ನಿವೃತ್ತ ಶಿಕ್ಷಕಿಯ ಕುಟುಂಬ ಸಿಕ್ಕಿತು. ಅವರ ಮನೆ ಲೇಕ್ ಅವೆನ್ಯೂದ ಪಶ್ಚಿಮಕ್ಕಿತ್ತು. ಹಿಂದೆ ಬೇರೆ ಕಡೆ ಮನೆ ಕೊಳ್ಳಲು ಬಿಡದಿದ್ದ ಕಾಲದಲ್ಲಿ ಕಪ್ಪು ಜನರು ಬಂದು ನೆಲೆ ನಿಂತ ಭಾಗ ಅದು. ಬೆಂಕಿ ಹತ್ತಿದ ರಾತ್ರಿ ಆ ಕಡೆಯವರಿಗೆ ಮನೆ ಬಿಡುವ ಆದೇಶ ಬಂದದ್ದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಸತ್ತವರಲ್ಲಿ ಬಹುಪಾಲು ಜನ ಅಲ್ಲಿನವರೇ. ಬದುಕಿ ಬಂದವರು ಕೈಗೆ ಸಿಕ್ಕಿದ್ದನ್ನೂ ಹಿಡಿದುಕೊಳ್ಳದೆ ಓಡಿದ್ದರು.

ಇಂಥವರ ಮುಂದೆ ವಿಮಾ ಕಂಪನಿ ಒಂದು ಪಟ್ಟಿ ಕೇಳುತ್ತದೆ. ಮನೆಯಲ್ಲಿದ್ದ ಪ್ರತಿಯೊಂದು ವಸ್ತು, ಯಾವಾಗ ಕೊಂಡದ್ದು, ಈಗ ಕೊಂಡರೆ ಎಷ್ಟು. ಚಮಚದಿಂದ ಹಿಡಿದು ಪಿಯಾನೋವರೆಗೆ. ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿದ ಪ್ರದೇಶದಲ್ಲಿ ಮನೆ ಪೂರ್ತಿ ಹೋದರೆ, ಆಗಿನ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ, ಕಟ್ಟಡದ ವಿಮಾ ಮೊತ್ತದ ಶೇ 30ರಷ್ಟನ್ನು (ಗರಿಷ್ಠ 2,50,000 ಡಾಲರ್) ಪಟ್ಟಿಯಿಲ್ಲದೆಯೇ ಸಾಮಾನುಗಳ ಬಾಬ್ತು ಕೊಡಬೇಕಿತ್ತು. ಇದು ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ನಾನು ಮೊದಲು ಹೇಳಿದ್ದೇ ಇದನ್ನು. ಅವರ ಉಸಿರು ಸ್ವಲ್ಪ ಹಗುರಾಯಿತು. ಅದಕ್ಕಿಂತ ಹೆಚ್ಚು ಬೇಕೆಂದರೆ ಪಟ್ಟಿ ಮಾಡಲೇಬೇಕು.

ಪಟ್ಟಿಯನ್ನು ಅಡುಗೆಮನೆಯಿಂದ ಶುರು ಮಾಡಿದೆವು. ಮಲಗುವ ಕೋಣೆಯಿಂದ ಶುರು ಮಾಡಿದರೆ ಮಾತು ಮುಂದೆ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಕೈಗೇ ನೆನಪಿರುತ್ತದೆ: "ಒಲೆ ಎಡಗಡೆ ಮೇಲಿನ ಕಪಾಟು ತೆಗೆಯಿರಿ, ಏನು ಕಾಣುತ್ತೆ?" ಅವರು ಕಣ್ಣು ಮುಚ್ಚಿ ಹೇಳುವರು, ನಾನು ಲ್ಯಾಪ್‌ಟಾಪಿನಲ್ಲಿ ಬರೆಯುವೆ. ಬೆಲೆಯನ್ನು ಆಗ ಕೇಳುತ್ತಿರಲಿಲ್ಲ; ಅದನ್ನು ರಾತ್ರಿ ಮನೆಯಲ್ಲಿ ಕೂತು ನಾನೇ ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿ ತುಂಬುತ್ತಿದ್ದೆ. ಅಮ್ಮ ಕೊಟ್ಟಿದ್ದ ಎರಕದ ಕಬ್ಬಿಣದ ಬಾಣಲೆಗೆ "ಎಷ್ಟಾಗುತ್ತೆ?" ಎಂದು ಮುಖ ನೋಡಿ ಕೇಳುವುದು ನನ್ನಿಂದಾಗದ ಕೆಲಸ. ಅದರ ಕಥೆ ಹೇಳಬೇಕು ಅನಿಸಿದಾಗ ಹೇಳಲಿ ಎಂದು ಸುಮ್ಮನೆ ಕೂರುತ್ತಿದ್ದೆ. ಒಂದು ಬಾಣಲೆಗೆ ಅರ್ಧ ಮಧ್ಯಾಹ್ನ ಹೋದದ್ದೂ ಉಂಟು. ಅವರ ಮಗಳು, ತಂಗಿಯರು, ಚರ್ಚಿನವರು ತಮ್ಮ ಫೋನಿನಲ್ಲಿದ್ದ ಹಳೇ ಫೋಟೋ ಕಳಿಸಿದರು. ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿಗಿಂತ ಹಿಂದಿನ ಗೋಡೆ ಮುಖ್ಯ: ಟಿವಿ, ದೀಪ, ಪುಸ್ತಕದ ಕಪಾಟು, ಎಲ್ಲಕ್ಕೂ ಸಾಕ್ಷಿ. ಆನ್‌ಲೈನ್ ಖರೀದಿಯ ಹಳೇ ಆರ್ಡರುಗಳು ಇನ್ನೊಂದು ಗಣಿ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುತ್ತಾರೆ. ನನಗೆ ಈ ಪಟ್ಟಿ ಹಾಗೇ ಅನಿಸಿತು. ಅವರೇ ಮಾಡಬಹುದಾದ ಕೆಲಸ, ಆದರೆ ಈಗ ಅವರ ಕೈಯಲ್ಲಿ ಮಾಡಿಸಬಾರದು.

ಬಾಯಿಗೆ ಬರುವ ಸಮಾಧಾನಗಳನ್ನು ನುಂಗಿಕೊಳ್ಳುವುದು ಕಷ್ಟ. "ಜೀವ ಉಳಿಯಿತಲ್ಲ, ಅದೇ ಪುಣ್ಯ", "ಇನ್ಶೂರೆನ್ಸ್ ಬರುತ್ತಲ್ಲ ಬಿಡಿ". ಇವೆರಡನ್ನು ಅವರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. "ಈ ಭಾನುವಾರ ಮಧ್ಯಾಹ್ನ ಬರ್ತೀನಿ, ಫೆಮಾ ಕಾಗದಗಳನ್ನು ಎತ್ತಿಟ್ಟಿರಿ" ಎಂದರೆ ಅವರಿಗೆ ಹೆಚ್ಚು ಧೈರ್ಯ. ಫೆಮಾದಿಂದ, ಅಂದರೆ ಕೇಂದ್ರ ಸರ್ಕಾರದ ವಿಪತ್ತು ನೆರವು ಸಂಸ್ಥೆಯಿಂದ, "ಅರ್ಹರಲ್ಲ" ಎಂಬ ಪತ್ರ ಬಂದಾಗ ಅದನ್ನು ಪೂರ್ತಿ ಓದಿ ಹೇಳುವವರು ಒಬ್ಬರು ಬೇಕು. ಎಷ್ಟೋ ಸಲ ಅದರರ್ಥ ವಿಮಾ ಕಂಪನಿಯ ಒಂದು ಪತ್ರ ಲಗತ್ತಿಸಿಲ್ಲ ಎಂದಷ್ಟೇ. ಮೇಲ್ಮನವಿಗೆ 60 ದಿನ ಇರುತ್ತದೆ. ಅವಶೇಷವನ್ನು ಸೇನೆಯ ಎಂಜಿನಿಯರುಗಳ ದಳದಿಂದ ಉಚಿತವಾಗಿ ತೆಗೆಸಬೇಕೆಂದರೆ ಜಾಗದೊಳಗೆ ಬರಲು ಅನುಮತಿ ಪತ್ರ ಕೊಡಬೇಕಿತ್ತು. ಅದರ ಕೊನೆಯ ದಿನ ಮಾರ್ಚ್ 31 ಇದ್ದದ್ದು ಏಪ್ರಿಲ್ 15ಕ್ಕೆ ಹೋಯಿತು. ಇಂಥ ದಿನಾಂಕಗಳನ್ನು ನೆನಪಿಡುವುದೇ ದುಃಖದಲ್ಲಿರುವವರಿಗೆ ಆಗದ ಕೆಲಸ.

ಉಳಿದದ್ದನ್ನು ಹುಡುಕಲು ಬೂದಿ ಜರಡಿ ಹಿಡಿಯುವ ದಿನ ಹೋಗುವುದಾದರೆ ಎನ್95 ಮಾಸ್ಕು, ಕೈಗವಸು, ಮೈಮುಚ್ಚುವ ಉಡುಪು ಬೇಕೇ ಬೇಕು. ಆಲ್ಟಡೀನಾದ ಮನೆಗಳು ಹಳೆಯವು, ಬೂದಿಯಲ್ಲಿ ಸೀಸ, ಆಸ್ಬೆಸ್ಟಾಸ್ ಇರುತ್ತದೆ. ಮಕ್ಕಳನ್ನು ಕರೆದೊಯ್ಯಬಾರದು. ಎಲ್ಲಿ ಅಗೆಯಬೇಕೆಂದು ಮನೆಯವರು ಹೇಳಬೇಕು. ಸಿಕ್ಕಿದ್ದನ್ನು ಕಸವೋ ಅಲ್ಲವೋ ಎಂದು ನಾವು ತೀರ್ಮಾನಿಸುವಂತಿಲ್ಲ. ಅಲ್ಲಿ ಗಾರೆ ಕೆಲಸದವರು ಸುಟ್ಟ ಮನೆಗಳಲ್ಲಿ ನಿಂತೇ ಇದ್ದ ಬೆಂಕಿಗೂಡುಗಳಿಂದ ಬ್ಯಾಚೆಲ್ಡರ್ ಎಂಬ ಕುಶಲಕರ್ಮಿಯ ನೂರು ವರ್ಷ ಹಳೆಯ ಹೆಂಚುಬಿಲ್ಲೆಗಳನ್ನು ಬಿಡಿಸಿ ಮನೆಯವರಿಗೆ ಕೊಡುತ್ತಿದ್ದರು. ತಮ್ಮ ಕೈಗೆ ಬರುವ ಕೆಲಸವನ್ನೇ ತಂದಿದ್ದ ಅವರನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಬಾಡಿಗೆಯವರ ಕಡೆ, ತೋಟ ಮತ್ತು ಮನೆಗೆಲಸದವರ ಕಡೆ ಸಹಾಯ ಕಡಿಮೆ ಹರಿಯಿತು. ಸುಟ್ಟದ್ದು ಅವರ ಮನೆಯಲ್ಲದಿರಬಹುದು, ಆದರೆ ಸಂಬಳ ಸುಟ್ಟಿತ್ತು. ಪಕ್ಕದ ಊರು ಪಸಡೀನಾದ ದಿನಗೂಲಿ ಕಾರ್ಮಿಕರ ಕೇಂದ್ರ ಮೊದಲ ವಾರದಲ್ಲೇ ಬೀದಿಗಳಲ್ಲಿ ಬಿದ್ದ ಕೊಂಬೆಗಳನ್ನು ತೆಗೆಯಲು ಸ್ವಯಂಸೇವಕರ ತಂಡ ಕಟ್ಟಿತು, ಆಹಾರವನ್ನೂ ಹಂಚಿತು. ಹಣ ಎಲ್ಲಿ ಕೊಡಲಿ ಎಂದು ನನ್ನನ್ನು ಕೇಳಿದವರಿಗೆ ಅಲ್ಲಿನ ವಿಳಾಸವನ್ನೇ ಕೊಟ್ಟೆ.

ಫಾರಂ ತುಂಬುವಾಗ ಒಂದು ಶಿಸ್ತು ಇಟ್ಟುಕೊಂಡಿದ್ದೆ. ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ, ಪಾಸ್‌ವರ್ಡ್, ಬ್ಯಾಂಕ್ ಖಾತೆ, ಇವನ್ನು ಅವರೇ ಒತ್ತಬೇಕು. ನಾನು ಆ ಹೊತ್ತು ಕಿಟಕಿ ಕಡೆ ತಿರುಗುತ್ತಿದ್ದೆ. ಫಾರಂ ತುಂಬಿಕೊಡುತ್ತೇವೆಂದು ದುಡ್ಡು ಕೇಳುವವರು ಎಲ್ಲ ವಿಪತ್ತಿನಲ್ಲೂ ಬರುತ್ತಾರೆ, ಆದ್ದರಿಂದ ಪುಕ್ಕಟೆ ಮಾಡುವವರ ಮೇಲೂ ಅನುಮಾನ ಇರುವುದು ನ್ಯಾಯವೇ. ಪಟ್ಟಿ ಮುಗಿದ ದಿನ ಕಡತವನ್ನು ಶಿಕ್ಷಕಿಗೂ ಮಗಳಿಗೂ ಕಳಿಸಿ, ಅವರಿಬ್ಬರೂ ತೆರೆದು ನೋಡಿದ ಮೇಲೆ, ಅವರೆದುರೇ ನನ್ನ ಲ್ಯಾಪ್‌ಟಾಪಿನಿಂದ ಅಳಿಸಿದೆ.